ನಾನು ಕದ್ದ ಕಲ್ಲಿದ್ದಲಿನ ಮಾತು

ಆಕೆಯ ಮೇಲೆ ನನಗೆ ಹೊಟ್ಟೆಕಿಚ್ಚು ಶುರುವಾದದ್ದು ಒಂದು ಶನಿವಾರ ಬೆಳಗ್ಗೆ ಹನ್ನೊಂದು ಗಂಟೆಯ ಸುಮಾರಿಗೆ. ಇಷ್ಟು ಕರಾರುವಾಕ್ಕಾಗಿ ಹೇಳಬಲ್ಲೆ, ಯಾಕೆಂದರೆ ಹತ್ತೂವರೆಯವರೆಗೂ ಆಕೆಯನ್ನು ಕಂಡರೆ ನನಗಿದ್ದದ್ದು ಬರೀ ಕರುಣೆ.

ಎರಡು ಸಾವಿರದ ಇಸವಿ ಹುಟ್ಟಿದ ಕೂಡಲೇ ಕಂಪ್ಯೂಟರುಗಳೆಲ್ಲ ಕೆಟ್ಟು ನಿಲ್ಲುತ್ತವೆ ಎಂದು ಜಗತ್ತು ಹೆದರಿ ಕೂತಿದ್ದ ಕಾಲ ಅದು. ನಾವು ಮಾರಿಸ್‌ಟೌನ್‌ಗೆ ಬಂದು ಇಪ್ಪತ್ತು ವರ್ಷ ದಾಟಿತ್ತು. ಮೊದಮೊದಲು ಗ್ರೋಸರಿ ಅಂಗಡಿಯಲ್ಲಿ ಒಂದು ಕನ್ನಡ ಶಬ್ದ ಕಿವಿಗೆ ಬಿದ್ದರೆ ಸಾಕು, ಆ ಜನರನ್ನು ಮನೆಗೆ ಕರೆದುಕೊಂಡು ಬಂದು ಸಾರು ಅನ್ನ ಬಡಿಸುತ್ತಿದ್ದೆವು. ಆ ವರ್ಷಗಳಲ್ಲಿ ಮಾತ್ರ ಸ್ಟೇಷನ್ ಪಕ್ಕದ ಅಪಾರ್ಟ್‌ಮೆಂಟುಗಳಿಗೆ ವಾರಕ್ಕೊಂದು ಹೊಸ ಸಂಸಾರ ಬಂದಿಳಿಯುತ್ತಿತ್ತು. ಯಾರೂ ಯಾರ ಕಡೆಯೂ ತಿರುಗಿ ನೋಡುವ ಅಗತ್ಯವಿರಲಿಲ್ಲ. ಬೆಳಗಿನ ಟ್ರೈನಿಗೆ ಓಡುವ ಹುಡುಗ ಹುಡುಗಿಯರಿಗೆ ನಾನು ಬರೀ ಒಬ್ಬ ‘ಆಂಟಿ’ ಆಗಿಬಿಟ್ಟಿದ್ದೆ.

ನನ್ನದು ಅಂತ ಉಳಿದಿದ್ದದ್ದು ಒಂದೇ, ನನ್ನ ಮ್ಯೂಸಿಯಂ. ನನ್ನದೇನಲ್ಲ, ಬಿಡಿ. ಮಾರಿಸ್‌ಟೌನ್‌ನಿಂದ ಕಾಲು ಗಂಟೆ ಡ್ರೈವ್ ಮಾಡಿದರೆ ಸಿಗುವ ಪುಟ್ಟ ಊರೊಂದರಲ್ಲಿ, ಒಣಗಿಹೋದ ಹಳೆಯ ಕಾಲುವೆಯ ದಡದ ಮೇಲೆ ಎರಡು ಕೋಣೆಯ ಒಂದು ಮರದ ಮನೆ. ಅಲ್ಲಿಯ ಹಿಸ್ಟಾರಿಕಲ್ ಸೊಸೈಟಿಯವರು ಅದನ್ನು ಮ್ಯೂಸಿಯಂ ಮಾಡಿದ್ದರು. ಏಳು ವರ್ಷದಿಂದ ಪ್ರತಿ ಶನಿವಾರ ನಾನಲ್ಲಿ ವಾಲಂಟಿಯರ್ ಗೈಡ್. ಸೀರೆಯ ಮೇಲೆ ಉದ್ದನೆಯ ಕೋಟು ಹಾಕಿಕೊಂಡು, ಕೈಯಲ್ಲೊಂದು ಕೋಲು ಹಿಡಿದು, ಶಾಲೆಯ ಮಕ್ಕಳಿಗೆ ಅವರ ಊರಿನ ಕತೆಯನ್ನು ನಾನು ಹೇಳುತ್ತಿದ್ದೆ. ಕಾನ್ವೆಂಟಿನಲ್ಲಿ ಎಲೊಕ್ಯೂಷನ್ ಪ್ರೈಸ್ ಗೆದ್ದವಳು ನಾನು. ಒಂದೊಂದು ಅಕ್ಷರವೂ ಹಾಲ್‌ನ ಕೊನೆಯ ಬೆಂಚಿಗೆ ತಲುಪಬೇಕೆಂದು ಸಿಸ್ಟರ್ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದರು. ಆ ಟ್ರೈನಿಂಗ್ ಎಲ್ಲಿ ಹೋಗುತ್ತದೆ?

ನನ್ನ ಸ್ಪೀಚ್ ಹೀಗಿತ್ತು. ಈ ಬೆಟ್ಟಗಳ ಹೊಟ್ಟೆಯಲ್ಲಿ ಕಬ್ಬಿಣವಿತ್ತು, ಕಲ್ಲಿದ್ದಲು ಇರಲಿಲ್ಲ. ಕಬ್ಬಿಣ ಕರಗಿಸಲು ಕಾಡು ಕಡಿದು ಇದ್ದಿಲು ಸುಟ್ಟರು. ಕಾಡು ಮುಗಿಯಿತು, ಕುಲುಮೆಗಳು ತಣ್ಣಗಾದವು. ಕಲ್ಲಿದ್ದಲಿದ್ದದ್ದು ಪಕ್ಕದ ಪೆನ್ಸಿಲ್ವೇನಿಯಾದಲ್ಲಿ, ನಡುವೆ ಬೆಟ್ಟಸಾಲು. ಆಗ ಕಾಲುವೆ ತೋಡಿದರು. ನೀರು ಬೆಟ್ಟ ಹತ್ತುವುದಿಲ್ಲವಲ್ಲ? ದೋಣಿಯನ್ನೇ ಗಾಲಿಯ ತೊಟ್ಟಿಲಲ್ಲಿ ಕೂರಿಸಿ, ಹಳಿಯ ಮೇಲೆ ಹಗ್ಗ ಕಟ್ಟಿ ಎಳೆದು ಬೆಟ್ಟ ಹತ್ತಿಸಿದರು, ಆಚೆ ಬದಿಯಲ್ಲಿ ಇಳಿಸಿದರು. ಕಲ್ಲಿದ್ದಲಿನ ದೋಣಿ ನಿಂತಲ್ಲೆಲ್ಲ ಒಂದು ಅಂಗಡಿ, ಒಂದು ಕುಲುಮೆ, ಒಂದು ಚರ್ಚು, ಕೊನೆಗೊಂದು ಊರು. ಆಮೇಲೆ ರೈಲು ಬಂತು, ಕಾಲುವೆ ಒಣಗಿತು. ಆ ರೈಲಿನ ದಾರಿಯಲ್ಲೇ ಮಕ್ಕಳೇ, ನಿಮ್ಮ ಅಪ್ಪ ಅಮ್ಮಂದಿರು ಈಗ ಮ್ಯಾನ್‌ಹಟನ್‌ಗೆ ಕಮ್ಯೂಟ್ ಮಾಡುತ್ತಾರೆ.

ಇಲ್ಲಿಗೆ ಹನ್ನೆರಡು ನಿಮಿಷ. ಮಕ್ಕಳು ‘ಥ್ಯಾಂಕ್ ಯು’ ಹೇಳಿ ಹೊರಗೆ ಓಡುತ್ತಿದ್ದರು.

ಆಕೆಯನ್ನು ನನಗೆ ಗಂಟುಹಾಕಿದ್ದು ಆಕೆಯ ಮಗಳು. ಸ್ಟೇಷನ್ ಪಕ್ಕದ ಅಪಾರ್ಟ್‌ಮೆಂಟಿನ ಹುಡುಗಿ, ಗಂಡ ಹೆಂಡತಿ ಇಬ್ಬರೂ ಸಾಫ್ಟ್‌ವೇರ್, ಶನಿವಾರ ಭಾನುವಾರವೂ ಆಫೀಸು. “ಆಂಟಿ, ನಮ್ಮವ್ವ ಆರು ತಿಂಗಳ ವೀಸಾದ ಮ್ಯಾಲೆ ಬಂದಾಳ. ಮನ್ಯಾಗ ಒಬ್ಬಾಕಿನ ಕುಂತು ಬೋರ್ ಆಗಿಬಿಟ್ಟೈತಿ. ಶನಿವಾರ ನಿಮ್ ಜೋಡಿ ಕರ್ಕೊಂಡ್ ಹೋಗ್ತೀರೇನು?” ಎಂದಳು. ಹೋಗಲಿ ಪಾಪ, ಎಂದು ಒಪ್ಪಿಕೊಂಡೆ.

ಕಾರಿನಲ್ಲಿ ತಿಳಿದದ್ದು ಇಷ್ಟು. ಹುಟ್ಟಿದ್ದು ಬಾಗಲಕೋಟೆಯ ಕಡೆ. ಮದುವೆಯಾಗಿ ಹೋದದ್ದು ತೆಲುಗು ಸೀಮೆಯ ಒಂದು ಕಲ್ಲಿದ್ದಲು ಗಣಿಯ ಕಾಲೊನಿಗೆ. ಗಂಡ ಗಣಿಯೊಳಗೆ ಒಂದು ಪಾಳಿಯ ಮೇಸ್ತ್ರಿ. ಮೂವತ್ತು ವರ್ಷ ಅಲ್ಲೇ ಬದುಕಿದವಳು. ಈಗ ಆತ ಇಲ್ಲ. ಆಕೆಗೆ ಇಂಗ್ಲಿಷ್ ಬಾರದು. ಇಳಕಲ್ ಸೀರೆಯ ಮೇಲೆ ಮಗಳ ಸ್ವೆಟರ್, ಕಾಲಿಗೆ ಬಿಳಿ ಸ್ನೀಕರ್ಸ್. ಇವಳಿಗೆ ಮ್ಯೂಸಿಯಂನಲ್ಲಿ ಏನು ತಿಳಿಯುತ್ತದೆ ಎಂದುಕೊಂಡು, ಕೂರಲು ಒಂದು ಕುರ್ಚಿ ತೋರಿಸಿದೆ.

ಆ ದಿನ ನಾಲ್ಕನೇ ಕ್ಲಾಸಿನ ಮಕ್ಕಳು ಬಂದಿದ್ದರು. ನಾನಿನ್ನೂ ಕುಲುಮೆ ತಣ್ಣಗಾದ ಭಾಗದಲ್ಲಿದ್ದೆ. ಅಷ್ಟರಲ್ಲಿ ಆಕೆ ಕುರ್ಚಿಯಿಂದೆದ್ದು, ಮೇಜಿನ ಮೇಲೆ ಮಕ್ಕಳು ಮುಟ್ಟಿ ನೋಡಲೆಂದು ಇಟ್ಟಿದ್ದ ಪೆನ್ಸಿಲ್ವೇನಿಯಾದ ಕಲ್ಲಿದ್ದಲ ಗಟ್ಟಿಯನ್ನು ಎತ್ತಿಕೊಂಡಳು. ಕೈಯಲ್ಲಿ ತೂಗಿದಳು. ಮೂಸಿದಳು. ಅಂಗೈಗೆ ಉಜ್ಜಿ ಅಂಗೈ ನೋಡಿಕೊಂಡಳು.

“ಅಯ್ಯ, ಅಕ್ಕಾರ! ಇದು ಕೈಗೆ ಹತ್ತೂದಿಲ್ಲಲ್ರೀ!”

ಮಕ್ಕಳೆಲ್ಲ ತಿರುಗಿದರು. ಹಲ್ಲಿಗೆ ತಂತಿ ಹಾಕಿಸಿಕೊಂಡಿದ್ದ ಒಬ್ಬ ಹುಡುಗಿ ಕೇಳಿದಳು, “ವಾಟ್ ಡಿಡ್ ಶಿ ಸೇ?”

ಸಭ್ಯತೆಗಾಗಿ ಟ್ರಾನ್ಸ್‌ಲೇಟ್ ಮಾಡಿದೆ. ತಪ್ಪಾದದ್ದು ಅಲ್ಲೇ. ಬಾಗಿಲು ತೆರೆದ ಹಾಗಾಯಿತು. ನಮ್ಮ ಕಡೆಯ ಕಲ್ಲಿದ್ದಲು ಮುಟ್ಟಿದರೆ ಮಸಿ, ಬೇಗ ಹೊತ್ತುತ್ತದೆ, ಮನೆ ತುಂಬ ಹೊಗೆ. ಇದು ಗಾಜಿನ ಹಾಗೆ ಗಟ್ಟಿ, ಹೊತ್ತಿಸಲು ಜೀವ ತಿನ್ನುತ್ತದೆ, ಆದರೆ ಒಮ್ಮೆ ಹೊತ್ತಿತೆಂದರೆ ಹೊಗೆಯಿಲ್ಲದೆ ಇಡೀ ದಿನ ಉರಿಯುತ್ತದೆ, ಅಲ್ಲವೇ? ಎಂದು ನನ್ನನ್ನೇ ಕೇಳಿದಳು. ನನಗೇನು ಗೊತ್ತು! ಏಳು ವರ್ಷ ಅದನ್ನು ಕೋಲಿನ ತುದಿಯಿಂದ ತೋರಿಸಿದ್ದೆ ಅಷ್ಟೆ, ಅದರ ಮೇಲೆ ಹಾಲು ಕಾಯಿಸಿರಲಿಲ್ಲ.

ಆಮೇಲೆ ಆಕೆ ಗೋಡೆಯ ಮೇಲಿದ್ದ ನಕ್ಷೆಯ ಮುಂದೆ ನಿಂತಳು. ಪೆನ್ಸಿಲ್ವೇನಿಯಾದ ಬೆಟ್ಟವನ್ನು ಉದ್ದಕ್ಕೆ ಸೀಳಿ ತೋರಿಸುವ ಚಿತ್ರ ಅದು. ಕಲ್ಲಿನ ಪದರಗಳು ಮಡಿಚಿ ಮಡಿಚಿ ಮೇಲೆದ್ದಿದ್ದವು, ನಡುವೆ ಕಪ್ಪು ಗೆರೆ ಕಲ್ಲಿದ್ದಲು.

“ಪದರ ನಿಂತೈತಲ್ರೀ ಇದು! ನಮ್ಮಲ್ಲೆ ಮಲಗಿರ್ತೈತಿ, ಸ್ವಲ್ಪ ಇಳಿಜಾರು. ನಮ್ಮವರು ನಡಕೋಂತ ಒಳಗ ಹೋಗವ್ರು. ಇವ್ರು ಪಾಪ, ಏಣಿ ಹತ್ತಿದಂಗ ಹತ್ತಿ ಕಡೀಬೇಕು. ಕಡದದ್ದು ತಲೀ ಮ್ಯಾಲ ಬರ್ತಿರಬೇಕು.” ಹೇಳುತ್ತಲೇ ಎರಡೂ ಕೈ ತಲೆಯ ಮೇಲೆ ಅಡ್ಡ ಹಿಡಿದು ಬಗ್ಗಿದಳು. ಮಕ್ಕಳು ನಕ್ಕರು.

ನಾನು ಅದನ್ನು ಚೆಂದದ ಇಂಗ್ಲಿಷಿನಲ್ಲಿ ಹೇಳಿದೆ. ಹೇಳುತ್ತಿದ್ದಾಗ ಒಂದು ವಿಷಯ ಗಮನಿಸಿದೆ. ಇಂಗ್ಲಿಷ್ ನನ್ನ ಬಾಯಿಂದ ಬರುತ್ತಿದೆ, ಮಕ್ಕಳ ಕಣ್ಣು ಮಾತ್ರ ಆಕೆಯ ಮುಖದ ಮೇಲಿದೆ. ಒಂದು ಮಗುವೂ ನನ್ನ ಕಡೆ ನೋಡುತ್ತಿಲ್ಲ. ನಾನು ಆಕೆಯ ಪಕ್ಕಕ್ಕಿಟ್ಟ ರೇಡಿಯೋ. ಗೋಡೆಯ ಗಡಿಯಾರದಲ್ಲಿ ಆಗ ಹನ್ನೊಂದು ಗಂಟೆ. ಐ ವಾಸ್ ಜೆಲಸ್. ಅದಕ್ಕೆ ಬೇರೆ ಸುಂದರವಾದ ಹೆಸರು ಹುಡುಕುವುದಿಲ್ಲ.

ಸೊಸೈಟಿಯ ಪ್ರೆಸಿಡೆಂಟ್, ಬೆಳ್ಳಿ ಕೂದಲಿನ ಅಮೆರಿಕನ್ ಮುದುಕಿ, ಒಳಕೋಣೆಯಿಂದ ಬಂದು ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದ್ದಳು. “ವಂಡರ್‌ಫುಲ್! ನಿನ್ನ ಫ್ರೆಂಡನ್ನು ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದೆ?” ಎಂದಳು. ಏಳು ವರ್ಷದಲ್ಲಿ ಈ ಪ್ರೆಸಿಡೆಂಟ್ ನನಗೆ ‘ಲವ್ಲಿ’ ಎಂದಿದ್ದಳು, ‘ಸೋ ಕೈಂಡ್’ ಎಂದಿದ್ದಳು. ‘ವಂಡರ್‌ಫುಲ್’ ಎಂದೂ ಎಂದಿರಲಿಲ್ಲ.

ಮನೆಗೆ ಬಂದರೆ ನಮ್ಮವರು ಪೇಪರಿನ ಹಿಂದಿನಿಂದ ಕೇಳಿದರು, “ಏನೇ, ನಿನ್ನ ಸ್ಪೀಚ್‌ಗೆ ಕಾಂಪಿಟಿಷನ್ ಬಂತಂತೆ?”

“ಯಾರು ಹೇಳಿದ್ದು?”

“ನಿನ್ನ ಮುಖ.”

ಆ ಬೇಸಿಗೆಯೆಲ್ಲ ಆಕೆ ಬಂದಳು. ಶನಿವಾರ ಬೆಳಗ್ಗೆ ಅಪಾರ್ಟ್‌ಮೆಂಟಿನ ಮುಂದೆ ಸ್ವೆಟರ್ ಹಾಕಿಕೊಂಡು ಕಾದು ನಿಂತಿರುತ್ತಿದ್ದಳು, ಕೈಯಲ್ಲಿ ನನಗೆಂದು ಶೇಂಗಾ ಚಟ್ನಿಪುಡಿಯ ಡಬ್ಬಿ. ನನ್ನ ಹನ್ನೆರಡು ನಿಮಿಷದ ಸ್ಪೀಚ್ ಐದಕ್ಕೆ ಇಳಿಯಿತು. ನಾನು ಕಾಲುವೆಗೆ ಬರುವಷ್ಟರಲ್ಲಿ ಮಕ್ಕಳು ಚಡಪಡಿಸಿ ಆಕೆಯ ಕಡೆ ನೋಡುತ್ತಿದ್ದರು. ಪ್ರತಿಸಲವೂ ನಾನು ಟ್ರಾನ್ಸ್‌ಲೇಟ್ ಮಾಡಿದೆ, ಪ್ರತಿಸಲವೂ ಸ್ವಲ್ಪ ಸಪ್ಪೆ ಮಾಡಿದೆ. ಆಕೆ ನಾಲ್ಕು ಮಾತು ಹೇಳಿದರೆ ಮೂರು ದಾಟಿಸುತ್ತಿದ್ದೆ. ಆಕೆಗೆ ಗೊತ್ತಾಗುತ್ತಿರಲಿಲ್ಲ. ಮಕ್ಕಳಿಗೂ ಗೊತ್ತಾಗುತ್ತಿರಲಿಲ್ಲ. ಆದರೂ ಉಳಿದ ಮೂರೇ ಸಾಕಾಗುತ್ತಿತ್ತು, ಅದೇ ಸಂಕಟ.

ಪ್ರತಿ ವರ್ಷ ಎಲೆ ಕೆಂಪಾಗುವ ಹೊತ್ತಿಗೆ ಸೊಸೈಟಿ ಒಂದು ಭಾನುವಾರ ಮಧ್ಯಾಹ್ನ ದೊಡ್ಡ ಭಾಷಣ ಇಡುತ್ತಿತ್ತು. ಯಾರೋ ರಿಟೈರ್ಡ್ ಪ್ರೊಫೆಸರ್, ಯಾರೋ ರೈಲ್ವೆ ಎಂಜಿನಿಯರ್. ಅದು ಒಂದು ದಿನ ನನ್ನ ಪಾಲಿಗೆ ಬರುತ್ತದೆಂದು ಏಳು ವರ್ಷ ಕಾದಿದ್ದೆ. ಬಾಯಿಬಿಟ್ಟು ಕೇಳುವುದು ನಮ್ಮ ಪದ್ಧತಿಯಲ್ಲ. ಕನ್ನಡಿಯ ಮುಂದೆ ನಿಂತು ಮೊದಲ ಪ್ಯಾರಾ ಪ್ರಾಕ್ಟೀಸ್ ಮಾಡಿಕೊಂಡಿದ್ದುಂಟು. ಆ ಸೆಪ್ಟೆಂಬರ್‌ನಲ್ಲಿ ಪ್ರೆಸಿಡೆಂಟ್ ನನ್ನ ಎರಡೂ ಕೈ ಹಿಡಿದು, “ಈ ಸಲದ ಭಾಷಣ ನಿನ್ನ ಫ್ರೆಂಡ್‌ದು,” ಎಂದಳು. ಆಮೇಲೆ ಸೇರಿಸಿದಳು, “ಟ್ರಾನ್ಸ್‌ಲೇಟ್ ಮಾಡಲು ನೀನಂತೂ ಇದ್ದೇ ಇದ್ದೀಯ.”

ಇದ್ದೇ ಇದ್ದೆ.

ಭಾಷಣಕ್ಕೆ ಮೊದಲು ರಿಹರ್ಸಲ್ ಮಾಡೋಣ, ನೀವೇನು ಹೇಳುತ್ತೀರಿ ಬರೆದುಕೊಳ್ಳುತ್ತೇನೆ ಎಂದೆ. “ಬರಿಯೂದೇನ್ರಿ ಅಕ್ಕಾರ? ಬದುಕಿದ್ದು ಬಾಯಿಗೆ ತಾನ ಬರ್ತೈತಿ ಬಿಡ್ರಿ,” ಎಂದು ನಕ್ಕಳು. ಹೆದರಿಕೆ ಅನ್ನುವುದೇ ಇಲ್ಲವಲ್ಲ ಈಕೆಗೆ ಎಂದು ಅದಕ್ಕೂ ಕರುಬಿದೆ.

ಆ ಭಾನುವಾರ ಚರ್ಚಿನ ಹಾಲ್‌ನಲ್ಲಿ ಹಾಕಿದ್ದ ಕುರ್ಚಿಗಳೆಲ್ಲ ತುಂಬಿ ಕೆಲವರು ಗೋಡೆಗೆ ಒರಗಿ ನಿಂತಿದ್ದರು. ಆಕೆ ಮೈಕಿನಿಂದ ದೂರ ಸರಿದು ನಿಂತು ಮಾತು ಶುರು ಮಾಡಿದಳು. ನಾನು ಮೈಕಿನ ಮುಂದೆ.

ಕಾಲೊನಿಯ ಕತೆ. ಮೊದಲ ಗಣಿಬಾಯಿ ತೆಗೆದದ್ದು ಪದರ ನೆಲಕ್ಕೆ ಹತ್ತಿರವಿದ್ದ ಕಡೆ. ಅದರ ಪಕ್ಕದಲ್ಲೇ ಸಂತೆ, ಚಹದಂಗಡಿ, ಸಾಲು ಮನೆ. ಪದರ ಕೆಳಗಿಳಿಯುತ್ತಾ ಹೋದ ಹಾಗೆ ಅದರ ಹಿಂದೆ ಗಣಿಬಾಯಿ ಹೋಯಿತು, ಗಣಿಬಾಯಿಯ ಹಿಂದೆ ಸಂತೆ ಹೋಯಿತು, ಸಂತೆಯ ಹಿಂದೆ ಶಾಲೆ. ಊರು ಎತ್ತ ಬೆಳೆಯಬೇಕೆಂದು ಹೇಳುತ್ತಿದ್ದದ್ದು ಯಾವ ಸಾಹೇಬನೂ ಅಲ್ಲ, ಕೆಳಗಿನ ಕಲ್ಲು. ಬಾವಿಗಳ ನೀರು ಗಣಿಗೆ ಇಳಿದುಹೋಯಿತು. ಗೋಡೆ ಬಿರುಕು ಬಿಟ್ಟರೆ, ಇವತ್ತು ನಮ್ಮ ಮನೆಯ ಕೆಳಗೆ ಬಂದಿದ್ದಾರೆ ಎಂದುಕೊಂಡು ಬಿರುಕಿಗೆ ಸಗಣಿ ಮಣ್ಣು ಮೆತ್ತುತ್ತಿದ್ದರು.

ಇಷ್ಟನ್ನು ನಾನು ಚೆನ್ನಾಗಿಯೇ ದಾಟಿಸಿದೆ. ಜನ ಹಾಗೆ ಕೇಳುತ್ತಿದ್ದಾಗ ಸಪ್ಪೆ ಮಾಡಲು ನಾಲಗೆ ಬರಲಿಲ್ಲ.

ಕೊನೆಗೆ ದೊಡ್ಡ ಯಂತ್ರಗಳು ಬಂದವು. ಸುರಂಗ ಬೇಡ, ಮೇಲಿನ ಮಣ್ಣನ್ನೇ ತೆಗೆದುಬಿಟ್ಟರೆ ಕಲ್ಲಿದ್ದಲು ಪೂರ್ತಿ ಸಿಗುತ್ತದೆ ಎಂದಾಯಿತು. ಮೇಲಿನ ಮಣ್ಣು ಎಂದರೆ ಕಾಲೊನಿ. ಆಕೆಯ ಮನೆ, ಹಿತ್ತಲಿನ ನುಗ್ಗೆ ಮರ, ಮಗಳು ಹುಟ್ಟಿದ ಕೋಣೆ. ಎಲ್ಲರೂ ಎದ್ದು ಹೋದರು. ಈಗ ಅಲ್ಲಿ ಕೆರೆಗಿಂತ ಆಳದ ಗುಂಡಿ. ದಡದಲ್ಲಿ ನಿಂತು, ನಮ್ಮ ಅಡುಗೆಮನೆ ಎಲ್ಲಿತ್ತು ಎಂದು ಗಾಳಿಯಲ್ಲಿ ಬೆರಳು ತೋರಿಸಬೇಕು.

ಆಮೇಲೆ ಆಕೆ ಕಿಟಕಿಯಾಚೆಯ ಊರನ್ನು ನೋಡಿ, ಒಂದು ಉಸಿರು ಎಳೆದುಕೊಂಡು ಹೇಳಿದಳು:

“ಕಲ್ಲಿದ್ದಲಿ ಅಂದ್ರ ಜಮಖಾನಿ ಇದ್ದಂಗ್ರೀ. ಅದು ಬೇಕಂದ್ರ ಮ್ಯಾಲ ಕುಂತ ಮಂದೀನ ಎಬ್ಬಿಸಬೇಕು. ನಿಮ್ಮ ಊರಿನ ಬುಡಕ ಕಲ್ಲಿದ್ದಲಿ ಇಲ್ಲ. ಅದಕ್ಕ ನೀವು ಇನ್ನೂ ಕುಂತೀರಿ.”

ನನ್ನ ಏಳು ವರ್ಷದ ಸ್ಪೀಚ್ ಪೂರ್ತಿ ಆ ಮಾತಿನಲ್ಲಿತ್ತು. ಕಲ್ಲಿದ್ದಲು ಬೇರೆ ಊರಿನದಾಗಿದ್ದು, ದೋಣಿ ಹತ್ತಿ ಬಂದದ್ದರಿಂದಲೇ ಈ ಊರು ಬೆಳೆದದ್ದೂ ಉಳಿದದ್ದೂ. ಇಷ್ಟು ವರ್ಷ ಆ ನಕ್ಷೆಯ ಮುಂದೆ ನಿಂತಿದ್ದವಳು ನಾನು, ಅದು ಹೊಳೆದದ್ದು ಈಕೆಗೆ! ಹಾಲ್ ನನ್ನ ಬಾಯಿ ನೋಡುತ್ತಿತ್ತು. ನಾನು ಮೈಕಿಗೆ ಬಗ್ಗಿ, “ಮನೆ ಬಿಟ್ಟದ್ದು ತುಂಬಾ ದುಃಖವಾಯಿತು ಎನ್ನುತ್ತಾರೆ,” ಎಂದಷ್ಟೇ ಇಂಗ್ಲಿಷಿನಲ್ಲಿ ಹೇಳಿ ಮುಗಿಸಿದೆ.

ಜನ ಚಪ್ಪಾಳೆ ತಟ್ಟಿದರು. ಅಲ್ಲಿಗೆ ನಿಂತಿದ್ದರೆ ನಾನು ಬರೀ ಕೆಟ್ಟ ಟ್ರಾನ್ಸ್‌ಲೇಟರ್ ಎನಿಸಿಕೊಳ್ಳುತ್ತಿದ್ದೆ. ಆದರೆ ಮುಂದಿನ ಸಾಲಿನ ಮುದುಕನೊಬ್ಬ ಕೈಯೆತ್ತಿ, “ಮೇಡಂ, ಇಷ್ಟು ವರ್ಷ ನಮ್ಮ ಊರಿನ ಕತೆ ಹೇಳಿದವರು ನೀವು. ಎರಡು ಊರನ್ನೂ ಕೇಳಿದ ಮೇಲೆ ನಿಮಗೇನನ್ನಿಸುತ್ತದೆ?” ಎಂದ.

ನನ್ನನ್ನು! ಕೊನೆಗೂ ಯಾರೋ ನನ್ನನ್ನು ಕೇಳಿದ್ದರು. ನಾನು ಬೆನ್ನು ನೆಟ್ಟಗೆ ಮಾಡಿಕೊಂಡು, ಕೊನೆಯ ಬೆಂಚಿಗೆ ತಲುಪುವ ಹಾಗೆ, ಆ ಜಮಖಾನೆಯ ಮಾತನ್ನು ನನ್ನದೆಂದು ಹೇಳಿಬಿಟ್ಟೆ. ಉದ್ದಕ್ಕೆ, ಏರಿಳಿತ ಕೊಟ್ಟು, ನಡುವೆ ಪಾಜ್ ಕೊಟ್ಟು. ಆಮೇಲೆ ಎದ್ದ ಚಪ್ಪಾಳೆ ಆಕೆಗೆ ಬಿದ್ದದ್ದಕ್ಕಿಂತ ಜೋರಾಗಿತ್ತು. ಆಕೆಯೂ ತಟ್ಟಿದಳು. ನಾನೇನು ಹೇಳಿದೆನೆಂದು ತಿಳಿಯದೆ, ನನಗೆ ಸಿಕ್ಕ ಮರ್ಯಾದೆಗೆ ಮುಖವರಳಿಸಿಕೊಂಡು ಎಲ್ಲರಿಗಿಂತ ಕೊನೆಯವರೆಗೆ ತಟ್ಟಿದಳು.

ಗೋಡೆಗೆ ಒರಗಿ ನಿಂತಿದ್ದವರಲ್ಲಿ ಒಬ್ಬಳು ತಟ್ಟಲಿಲ್ಲ. ಆಕೆಯ ಮಗಳು ಆಫೀಸಿನಿಂದ ಹಾಗೇ ಬಂದಿದ್ದಳು, ಕೊರಳಲ್ಲಿ ಬ್ಯಾಡ್ಜ್ ಇನ್ನೂ ತೂಗುತ್ತಿತ್ತು. ಆ ಹಾಲ್‌ನಲ್ಲಿ ಎರಡೂ ಭಾಷೆ ಬಲ್ಲವರು ನಾವಿಬ್ಬರೇ.

ಪಾರ್ಕಿಂಗ್ ಲಾಟ್‌ನಲ್ಲಿ ತಾಯಿಯನ್ನು ಕಾರಿನಲ್ಲಿ ಕೂರಿಸಿ ನನ್ನ ಬಳಿ ಬಂದಳು. “ಆಂಟಿ, ಜಮಖಾನಿ ಮಾತು ಅವ್ವಂದಲ್ಲೇನು?”

“ಹೌದಮ್ಮ. ಅದನ್ನ ಕನ್‌ಕ್ಲೂಷನ್‌ಗೆ ಅಂತ ಇಟ್ಕೊಂಡೆ. ಟ್ರಾನ್ಸ್‌ಲೇಷನ್‌ನಲ್ಲಿ ಹಾಗೆ ಮಾಡೋದುಂಟು.”

“ಹಂಗಾದ್ರ ಅವ್ವ ಹೇಳಿದ್ದು ಅಂತ ಹೇಳಬೇಕಿತ್ತಲ್ಲ?”

“ಟೈಮ್ ಇರಲಿಲ್ಲ ಕಣಮ್ಮ.”

“ಓಕೆ ಆಂಟಿ,” ಎಂದು ಹೊರಟುಹೋದಳು. ಆ ‘ಓಕೆ’ಯನ್ನು ಇವತ್ತಿಗೂ ಮರೆತಿಲ್ಲ.

ಮುಂದಿನ ವಾರ ಸೊಸೈಟಿಯ ನ್ಯೂಸ್‌ಲೆಟರ್ ಬಂತು. ಆ ಮಾತನ್ನು ಚೌಕದೊಳಗೆ ದೊಡ್ಡ ಅಕ್ಷರದಲ್ಲಿ ಹಾಕಿ, ಕೆಳಗೆ ‘ನಮ್ಮ ಪ್ರೀತಿಯ ಗೈಡ್’ ಎಂದು ನನ್ನ ಹೆಸರು ಅಚ್ಚು ಮಾಡಿದ್ದರು. ಪಶ್ಚಾತ್ತಾಪದಿಂದ ಬೆಂದುಹೋದೆ ಎಂದು ಬರೆಯಬಹುದು, ಆದರೆ ಅದು ಸುಳ್ಳು. ಮೂರು ದಿನ ಖುಷಿಯಾಗಿದ್ದೆ. ಕತ್ತರಿಸಿ ಫ್ರಿಜ್‌ಗೆ ಅಂಟಿಸಿದೆ. ನಮ್ಮವರು ಓದಿ, “ಚೆನ್ನಾಗಿದೆ. ಆದರೆ ನಿನ್ನ ಮಾತಿನ ಹಾಗಿಲ್ಲವಲ್ಲೇ,” ಎಂದರು.

ಆ ಶನಿವಾರ ಆಕೆ ಅಪಾರ್ಟ್‌ಮೆಂಟಿನ ಮುಂದೆ ನಿಂತಿರಲಿಲ್ಲ. ಒಳ್ಳೆಯದೇ ಆಯಿತೆಂದು ಒಬ್ಬಳೇ ಹೋದೆ. ಹನ್ನೆರಡು ನಿಮಿಷವೂ ನನ್ನದೇ. ಮುಗಿದ ಮೇಲೆ ಒಂದು ಮಗು ಸುತ್ತ ನೋಡಿ ಕೇಳಿತು, “ವೇರ್ ಈಸ್ ದ ಕೋಲ್ ಲೇಡಿ?” ಅಕ್ಕನೋ ಅಣ್ಣನೋ ಮನೆಯಲ್ಲಿ ಹೇಳಿ ಕಳಿಸಿರಬೇಕು.

ವಾಪಸು ಬರುವಾಗ ಕಾರು ನಮ್ಮ ರಸ್ತೆಗೆ ತಿರುಗಲಿಲ್ಲ. ನಾನೇ ಸ್ಟೇಷನ್ ಕಡೆ ತಿರುಗಿಸಿದೆ.

ಆಕೆ ನೆಲದ ಮೇಲೆ ಕೂತು ಸೂಟ್‌ಕೇಸ್ ತುಂಬುತ್ತಿದ್ದಳು. ಊರಿಗೆ ಹೊರಡಲು ಎರಡೇ ವಾರ ಉಳಿದಿತ್ತು. ನಾನು ನಿಂತೇ, ಶಾಲೆಯ ಹುಡುಗಿಯ ಹಾಗೆ, ಮಾಡಿದ್ದನ್ನು ಹೇಳಿದೆ. ಆಕೆ ತಲೆ ಎತ್ತಲಿಲ್ಲ.

“ಮಗಳು ಹೇಳ್ಯಾಳ.”

“ನನ್ನಿಂದ ತಪ್ಪಾಯ್ತು.”

“ನಿಮಗ ಇಲ್ಲೆ ಮನಿ ಐತಿ. ಗಂಡ ಅದಾರ. ಇಂಗ್ಲಿಷ್ ಐತಿ. ನನ್ನ ಮನಿ ಹೋಗಿ ಒಂದು ಮಾತು ಉಳದಿತ್ರೀ. ಅದೂ ಬೇಕಾತೇನು ನಿಮಗ?”

ನಾನು ಆಕೆಯ ಮೇಲೆ ತಿಂಗಳುಗಟ್ಟಲೆ ಕರುಬಿದ್ದೆ. ಆಕೆಗೂ ನನ್ನ ಮೇಲೆ ಕರುಬಲು ಕಾರಣಗಳಿರಬಹುದೆಂದು ಒಮ್ಮೆಯೂ ಯೋಚಿಸಿರಲಿಲ್ಲ. ನ್ಯೂಸ್‌ಲೆಟರ್‌ಗೆ ಕರೆಕ್ಷನ್ ಬರೆಯುತ್ತೇನೆ, ಪ್ರೆಸಿಡೆಂಟ್‌ಗೆ ಹೇಳುತ್ತೇನೆ ಎಂದೆ.

“ಬರೀರಿ. ಆದ್ರ ಅದನ್ನ ಮಕ್ಕಳೇನು ಓದ್ತಾವು? ಆ ಮಾತು ನನಗ ಇಂಗ್ಲಿಷಿನ್ಯಾಗ ಕಲಿಸ್ರಿ. ಹೋಗೂ ಮುಂಚೆ ನಾನ ಹೇಳ್ತೀನಿ.”

ಮತ್ತೆ ಹನ್ನೆರಡು ದಿನ ದಿನವೂ ಹೋದೆ. ನಾನು ಹಾಲ್‌ನಲ್ಲಿ ಹೇಳಿದ್ದ ವಾಕ್ಯವನ್ನೇ ಕಲಿಸಲು ನೋಡಿದೆ. “ಇಷ್ಟುದ್ದ ಯಾಕ್ರೀ? ನಾ ಹೇಳಿದ್ದು ಗಿಡ್ಡ ಇತ್ತಲ್ಲ,” ಎಂದು ತಡೆದಳು. ನನ್ನ ಏರಿಳಿತ, ನನ್ನ ‘ದೇರ್‌ಫೋರ್’ ಎಲ್ಲವನ್ನೂ ಕಿತ್ತು ಪಕ್ಕಕ್ಕಿಟ್ಟಳು. ಉಳಿದ ನಾಲ್ಕು ತುಂಡುಗಳನ್ನು ಪಾತ್ರೆ ತೊಳೆಯುವಾಗ, ಬಟ್ಟೆ ಮಡಿಚುವಾಗ ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದಳು. ಮಗಳು ಆಫೀಸಿನಿಂದ ಬಂದವಳು ಬಾಗಿಲಲ್ಲಿ ನಿಂತು ಕೇಳಿ, ನನಗೊಂದು ಲೋಟ ಕಾಫಿ ತಂದಿಟ್ಟಳು.

ಕೊನೆಯ ಶನಿವಾರ ನಾನು ಸ್ಪೀಚ್ ಕೊಡಲಿಲ್ಲ. ಪ್ರೆಸಿಡೆಂಟ್‌ಗೂ ಮಕ್ಕಳಿಗೂ, ಚೌಕದೊಳಗೆ ಅಚ್ಚಾದ ಮಾತು ನನ್ನದಲ್ಲ, ಈಕೆಯದು ಎಂದು ಹೇಳಿ, ಹಿಂದೆ ಕೋಟುಗಳನ್ನು ನೇತುಹಾಕಿದ್ದ ಮೂಲೆಗೆ ಹೋಗಿ ನಿಂತೆ. ಪ್ರೆಸಿಡೆಂಟ್ ನನ್ನನ್ನು ಒಂದು ಥರ ನೋಡಿದಳು. ನೋಡಲಿ.

ಮಕ್ಕಳು ನೆಲಹಾಸಿನ ಮೇಲೆ ಚಕ್ಕಂಬಕ್ಕಳ ಹಾಕಿ ಕೂತಿದ್ದರು. ಆಕೆ ಎದುರಿಗೆ ಬಂದು, ಕೈ ಕಟ್ಟಿಕೊಂಡು, ಒಂದೊಂದೇ ತುಂಡು ಇಟ್ಟಳು.

“ಕೋಲ್ ಈಜ್ ಕಾರ್ಪೇಟ್. ಯು ವಾಂಟ್ ಕಾರ್ಪೇಟ್, ಪೀಪಲ್ ಗೆಟ್ ಅಪ್. ಮೈ ಹೌಸ್, ಗೆಟ್ ಅಪ್. ಹಿಯರ್ ನೋ ಕೋಲ್. ಸೋ ಯು ಆರ್ ಸಿಟ್ಟಿಂಗ್.”

‘ಮೈ ಹೌಸ್’ ನಾನು ಕಲಿಸಿದ್ದಲ್ಲ. ತಾನೇ ಎಲ್ಲಿಂದಲೋ ತಂದು ಸೇರಿಸಿದ್ದಳು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಮುಂದೆ ಕೂತಿದ್ದ ಒಬ್ಬ ಹುಡುಗಿ ಮೆಲ್ಲಗೆ ಎದ್ದು ನಿಂತು, ತಾನು ಕೂತಿದ್ದ ಜಾಗವನ್ನು ನೋಡಿದಳು. ಅವಳನ್ನು ನೋಡಿ ಪಕ್ಕದವಳು ಎದ್ದಳು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ. ಏಳು ವರ್ಷ ನಾನು ಅಷ್ಟು ಸ್ಫುಟವಾಗಿ ಹೇಳಿದ್ದನ್ನು ಕೇಳಿ ಒಂದೇ ಒಂದು ಮಗುವೂ ತನ್ನ ಕಾಲ ಕೆಳಗೆ ನೋಡಿಕೊಂಡಿರಲಿಲ್ಲ.

ಆಕೆ ಮಕ್ಕಳ ತಲೆಗಳ ಮೇಲಿಂದ ನನ್ನನ್ನು ಹುಡುಕಿದಳು.

“ಬರೋಬ್ಬರಿ ಹೇಳಿದ್ನೇನ್ರೀ ಅಕ್ಕಾರ?”

“ಹ್ಞೂಂ, ಪರವಾಗಿಲ್ಲ,” ಎಂದೆ. ಅದಕ್ಕಿಂತ ಹೆಚ್ಚಿನದನ್ನು ಕೊಡಲು, ಆ ದಿನವೂ, ನನ್ನ ಕೈಲಾಗಲಿಲ್ಲ.